ಎದುರಾಳಿಯ ಪಟ್ಟನ್ನು ಎರವಲು ತರುವುದು ಹೇಗೆ: ಆನ್‌ಲೈನ್ ರೋಲ್‌ಪ್ಲೇ ಕಾಳಗಗಳಿಗೊಂದು ಸಮಗ್ರ ಮಾರ್ಗದರ್ಶಿ

"ನೋಡಿದ ಕೂಡಲೇ ಕಲಿತುಬಿಟ್ಟಳು."

ನಾನು ಮಾಡ್ (ಮೇಲ್ವಿಚಾರಕ) ಆಗಿದ್ದ ಒಂದು ಡಿಸ್ಕಾರ್ಡ್ ಸರ್ವರ್, ಅಂದರೆ ಆನ್‌ಲೈನ್ ಹರಟೆ ಗುಂಪು, ಒಡೆದದ್ದು ಈ ಮೂರು ಪದಗಳಿಂದ. ನಾವಲ್ಲಿ ಆಡುತ್ತಿದ್ದದ್ದು ರೋಲ್‌ಪ್ಲೇ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಸರದಿಯಂತೆ ಪೋಸ್ಟ್ ಬರೆದು ಕತೆ ಕಟ್ಟುವ ಆಟ. ಒಬ್ಬ ಹುಡುಗ ವಾರಗಟ್ಟಲೆ ಕೂತು ಕಟ್ಟಿದ ಪಟ್ಟೊಂದನ್ನು ಅವತ್ತೇ ಮೊದಲ ಸಲ ಕಾಳಗದ ಥ್ರೆಡ್ಡಿಗೆ (ಆ ಕಾಳಗದ ಪೋಸ್ಟುಗಳ ಸಾಲಿಗೆ) ಇಳಿಸಿದ್ದ. ಎದುರಿನ ಆಟಗಾರ್ತಿ ಮರುಪೋಸ್ಟಿನಲ್ಲೇ ಅದನ್ನು ಕಲಿತು, ಇಮ್ಮಡಿ ಮಾಡಿ, ಅವನ ಮೇಲೆಯೇ ಎಸೆದಳು. ಅವಳ ಕ್ಯಾರೆಕ್ಟರ್ ಶೀಟ್‌ನಲ್ಲಿ (ಪಾತ್ರದ ವಿದ್ಯೆ, ವಿವರ ಬರೆದಿಡುವ ಹಾಳೆಯಲ್ಲಿ) "ಕಂಡ ವಿದ್ಯೆಯನ್ನು ನಕಲು ಮಾಡಬಲ್ಲಳು" ಎಂಬ ಸಾಲಿಗೆ ಸಹಿ ಹಾಕಿದವರು ನಾವೇ. ಹಾಗಾಗಿ ನಿಯಮದ ಪ್ರಕಾರ ಅವಳದ್ದು ತಪ್ಪೂ ಅಲ್ಲ. ಹುಡುಗ ಜಗಳ ಆಡಲಿಲ್ಲ. ಸುಮ್ಮನೆ ಸರ್ವರ್ ಬಿಟ್ಟು ಹೋದ. ಅವನ ಹಿಂದೆ ಇನ್ನೂ ನಾಲ್ಕು ಜನ ಹೋದರು.

ಅಂದಿನಿಂದ ನಿಯಮ ಬರೆಯುವುದು, ತಿದ್ದುವುದು, ಅಳಿಸುವುದು ನಡೆದೇ ಇದೆ. ಎಷ್ಟು ಸೋಸಿದರೂ ಕೊನೆಗೆ ಉಳಿಯುವುದು ಇಷ್ಟೇ: ಕತೆಯೊಳಗೆ ಪಾತ್ರ ಬೇಕಾದರೆ ಕದಿಯಲಿ, ಕತೆಯ ಹೊರಗೆ ಮನುಷ್ಯ ಕೇಳಿಯೇ ತಗೊಳ್ಳಬೇಕು. ಕೇಳಲು ಸುಲಭ. ರಾತ್ರಿ ಹನ್ನೊಂದಕ್ಕೆ ಇಬ್ಬರೂ ಬಿಸಿಯಾಗಿ ಟೈಪ್ ಮಾಡುತ್ತಿರುವಾಗ ಇದನ್ನು ಪಾಲಿಸುವುದು ಸುಲಭವಲ್ಲ. ಅದಕ್ಕೇ ಈ ಬರಹ. ಮೂವ್ ಎಂದು ನಾವೆಲ್ಲ ಕರೆಯುವುದನ್ನು ಇಲ್ಲಿ ಪಟ್ಟು ಎಂದೇ ಬರೆದಿದ್ದೇನೆ. ಗರಡಿಯವರ ಮಾತು, ಬಾಯಿಗೆ ಚೆನ್ನಾಗಿ ಕೂರುತ್ತದೆ.

ತೀರ್ಪು ಕೊಡುವವರು ಯಾರು?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಮೇಜಿನ ರೋಲ್‌ಪ್ಲೇ ಆಟ ತಂದಾಗ, ಏಟು ಬಿತ್ತೋ ಇಲ್ಲವೋ ಎಂದು ಹೇಳಲು ದಾಳವಿತ್ತು, ಮೇಜಿನ ತುದಿಯಲ್ಲಿ ಕೂತ ಒಬ್ಬ ನಡೆಸುವವನಿದ್ದ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಸೇರಿ ಮೊದಲ ಮಡ್ (ಹಲವರು ಒಟ್ಟಿಗೆ ಆಡುವ, ಬರೀ ಅಕ್ಷರಗಳ ಕಂಪ್ಯೂಟರ್ ಆಟ) ಕಟ್ಟಿದಾಗ ಆ ಕೆಲಸ ಪ್ರೋಗ್ರಾಮಿನದಾಯಿತು. ನಾವು ಡಿಸ್ಕಾರ್ಡ್ ಥ್ರೆಡ್ಡಿನಲ್ಲಿ ಬರೆದು ಆಡುವ ಕಾಳಗದಲ್ಲಿ ಬಹುಪಾಲು ಎರಡೂ ಇರುವುದಿಲ್ಲ. ಬೀಸಿದೆ ಎಂದು ನಾನು ಬರೆಯುತ್ತೇನೆ; ತಗುಲಿತು ಎಂದೋ ತಪ್ಪಿಸಿಕೊಂಡೆ ಎಂದೋ ಬರೆಯುವ ಹಕ್ಕು ನಿಮ್ಮದು. ಇಡೀ ಆಟ ನಿಂತಿರುವುದು ಈ ಒಂದು ಒಪ್ಪಂದದ ಮೇಲೆ.

ಒಪ್ಪಂದ ಮುರಿಯುವ ಮೂರು ಬಗೆಗೆ ಮೂರು ಹೆಸರಿವೆ. ಎದುರಾಳಿಗೆ ತಗುಲಿತು ಎಂದು ನೀವೇ ಬರೆದರೆ ಅದು ಆಟೋಹಿಟ್. ನಿಮ್ಮ ಪಾತ್ರಕ್ಕೆ ಸೋಲೇ ಇಲ್ಲದಂತೆ ಬರೆದರೆ ಗಾಡ್‌ಮಾಡಿಂಗ್. ನಿಮಗೆ ಗೊತ್ತಿದ್ದರೂ ನಿಮ್ಮ ಪಾತ್ರಕ್ಕೆ ಗೊತ್ತಿರಲು ಸಾಧ್ಯವಿಲ್ಲದ್ದನ್ನು ಬಳಸಿದರೆ ಮೆಟಾಗೇಮಿಂಗ್. ಎರವಲು ಪಟ್ಟಿನ ತಕರಾರಿನಲ್ಲಿ ಈ ಮೂರೂ ಒಟ್ಟಿಗೇ ಬರುತ್ತವೆ, ಅದಕ್ಕೇ ಬಿಡಿಸುವುದು ಕಷ್ಟ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗಳಿಬ್ಬರು ಕೂತಲ್ಲೇ ಮಾತಿನಲ್ಲಿ ಹೊಡೆದಾಡುತ್ತಾರೆ. ಎದುರಿನವರ ವಾದವನ್ನೇ ಎತ್ತಿಕೊಂಡು ಅವರ ಕಡೆಗೇ ತಿರುಗಿಸಿದರೆ ಸಭೆ ತಲೆದೂಗುತ್ತದೆ. ಅದೇ ಅರ್ಥಧಾರಿ, ಎದುರಿನವರು ಇನ್ನೂ ಆಡದ ಮಾತನ್ನು ತಾನೇ ಆಡಿ ಮುಗಿಸಿದರೆ ಕೇಳುವವರಿಗೇ ಕಸಿವಿಸಿ. ಆಡಿದ ಮಾತನ್ನು ಎತ್ತಿಕೊಳ್ಳಬಹುದು, ಆಡದ್ದನ್ನು ಕಿತ್ತುಕೊಳ್ಳಬಾರದು. ನಮ್ಮ ನಾಲ್ಕನೇ ಹೆಜ್ಜೆ ಪೂರ್ತಿ ಇದೇ.

ಯಂತ್ರದ ಆಟಗಳು ಏನು ಮಾಡಿವೆ

ನಕಲು ಮಾಡುವ ಪಾತ್ರವನ್ನು ಸಮತೂಕದಲ್ಲಿ ಇಡುವುದು ಹೇಗೆಂದು ಕಂಪ್ಯೂಟರ್ ಆಟ ಕಟ್ಟುವವರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ. ನಿಯಮ ಬರೆಯುವ ಮುಂಚೆ ಅವರ ಅಂಗಡಿಯಲ್ಲಿ ಒಮ್ಮೆ ಸುತ್ತಾಡಿ ಬರುವುದು ಒಳ್ಳೆಯದು.

1987ರ ಮೆಗಾ ಮ್ಯಾನ್‌ನಲ್ಲಿ ಎದುರಾಳಿಯನ್ನು ಸೋಲಿಸಿದ ಮೇಲಷ್ಟೇ ಅವನ ಅಸ್ತ್ರ ಕೈಗೆ ಬರುತ್ತದೆ. ಅದಕ್ಕೆ ಅದರದ್ದೇ ಶಕ್ತಿಯ ಅಳತೆ; ಬಳಸಿ ಖಾಲಿಯಾದರೆ ಮುಗಿಯಿತು. 1992ರ ಫೈನಲ್ ಫ್ಯಾಂಟಸಿ 5ರ ಬ್ಲೂ ಮೇಜ್ ಎಂಬ ಮಾಂತ್ರಿಕ ರಾಕ್ಷಸರ ಮಂತ್ರ ಕಲಿಯಬೇಕಾದರೆ ಆ ಮಂತ್ರದ ಏಟನ್ನು ಮೈಮೇಲೆ ತಿನ್ನಬೇಕು. ಅದೂ ಎಲ್ಲ ಮಂತ್ರಗಳಲ್ಲ, ಕಲಿಯಲು ಬಿಟ್ಟ ಕೆಲವು ಮಾತ್ರ. 1993ರಲ್ಲಿ ಬಂದ ಕಿರ್ಬಿಸ್ ಅಡ್ವೆಂಚರ್‌ನಲ್ಲಿ ಆ ಗುಲಾಬಿ ಗುಂಡಣ್ಣ ಎದುರಾಳಿಯನ್ನು ನುಂಗಿ ಅವನ ವಿದ್ಯೆ ಪಡೆಯುತ್ತಾನೆ. ಒಂದು ಏಟು ಬಿದ್ದರೆ ಆ ವಿದ್ಯೆ ನಕ್ಷತ್ರವಾಗಿ ಹೊರಗೆ ಪುಟಿಯುತ್ತದೆ, ಓಡಿ ಹಿಡಿಯದಿದ್ದರೆ ಹೋಯಿತು. ಪೋಕೆಮಾನ್‌ನ ಡಿಟ್ಟೋ ಎಂಬ ಜೀವಿ ಎದುರಾಳಿಯ ರೂಪವನ್ನೂ ಪಟ್ಟುಗಳನ್ನೂ ಪೂರ್ತಿ ತಾಳುತ್ತದೆ, ಆದರೆ ಒಂದೊಂದು ಪಟ್ಟನ್ನು 5 ಸಲ ಮಾತ್ರ ಬಳಸಬಹುದು, ಜೀವದ ಅಂಕ ಅದರ ಹಳೆಯದೇ. ಅದೇ ಆಟದ ಇನ್ನೊಂದು ಜೀವಿ ಸ್ಮೀಯರ್ಗಲ್‌ನ ಸ್ಕೆಚ್ ಎಂಬ ಪಟ್ಟು ಕಂಡ ಪಟ್ಟನ್ನು ಕಾಯಂ ಆಗಿ ಕಲಿಸುತ್ತದೆ. ಬೆಲೆಯೆಂದರೆ, ಕಲಿತ ಪಟ್ಟು ಬಂದು ಸ್ಕೆಚ್ ಇದ್ದ ಜಾಗದಲ್ಲೇ ಕೂರುತ್ತದೆ. ಡೋಟಾ 2ರ ರೂಬಿಕ್ ಎಂಬ ಪಾತ್ರ ಎದುರಾಳಿ ಕೊನೆಯದಾಗಿ ಬಳಸಿದ ಮಂತ್ರವನ್ನಷ್ಟೇ ಕದಿಯಬಲ್ಲ. ಬಳಸದೆ ಬಚ್ಚಿಟ್ಟದ್ದು ಅವನಿಗೆ ಸಿಗದು, ಸತ್ತರೆ ಕದ್ದದ್ದು ಉಳಿಯದು. ಮುಖ್ಯವಾಗಿ, ಮಂತ್ರದ ಒಡೆಯನ ಬಳಿ ಅವನ ಮಂತ್ರ ಹಾಗೇ ಇರುತ್ತದೆ.

ನನಗೆ ಇವುಗಳಲ್ಲಿ ರೂಬಿಕ್ ಮತ್ತು ಬ್ಲೂ ಮೇಜ್ ತುಂಬ ಇಷ್ಟ. ಒಬ್ಬ ಕಂಡದ್ದನ್ನು ಮಾತ್ರ ತಗೊಳ್ಳುತ್ತಾನೆ, ಇನ್ನೊಬ್ಬ ಏಟು ತಿಂದು ಕಲಿಯುತ್ತಾನೆ. ಬರಹದ ಕಾಳಗಕ್ಕೆ ಈ ಎರಡನ್ನೂ ಸೇರಿಸಿದರೆ ಅರ್ಧ ಕೆಲಸ ಆದಂತೆ.

ಮೊದಲ ಹೆಜ್ಜೆ: ಪ್ರತಿ ಪಟ್ಟಿಗೂ ಒಂದು ಚೀಟಿ

ಎಲ್ಲರ ಕ್ಯಾರೆಕ್ಟರ್ ಶೀಟ್‌ನಲ್ಲೂ ಪ್ರತಿ ಪಟ್ಟಿನ ಮುಂದೆ ಒಂದು ಗುರುತು ಹಾಕಿಸಿ. ನಾವು ಮೂರು ಬಳಸುತ್ತೇವೆ: "ಯಾರಾದರೂ ತಗೊಳ್ಳಿ", "ಕೇಳಿ ತಗೊಳ್ಳಿ", "ಮುಟ್ಟಬೇಡಿ". ಗುರುತು ಹಾಕದಿದ್ದರೆ ಅದು "ಕೇಳಿ ತಗೊಳ್ಳಿ" ಎಂದೇ ಲೆಕ್ಕ.

ಮೊದಲ ವಾರ ಏನಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಎಲ್ಲರೂ ಎಲ್ಲದಕ್ಕೂ "ಮುಟ್ಟಬೇಡಿ" ಹಾಕುತ್ತಾರೆ. ಒಬ್ಬರು ಕಪಾಳಮೋಕ್ಷಕ್ಕೂ ಹಾಕಿದ್ದರು. ಅದಕ್ಕೇ ಒಂದು ಶೀಟಿಗೆ ಎರಡೇ "ಮುಟ್ಟಬೇಡಿ" ಎಂದು ಮಿತಿ ಇಡಿ. ಅದನ್ನು ಹಾಕಲು ಕತೆಯೊಳಗೆ ಕಾರಣವೂ ಬೇಕು: ವಂಶದಿಂದ ಬಂದದ್ದು, ಒಂದು ಆಯುಧಕ್ಕೆ ಕಟ್ಟುಬಿದ್ದದ್ದು, ದೈವದ ಜೊತೆ ಮಾಡಿಕೊಂಡ ಹರಕೆಯಿಂದ ದಕ್ಕಿದ್ದು. ಕಣ್ಣಿಟ್ಟು ನೋಡಿದ ಮಾತ್ರಕ್ಕೆ ಬೇರೆಯವರ ರಕ್ತ ನಮ್ಮ ಮೈಯಲ್ಲಿ ಹರಿಯುವುದಿಲ್ಲ ಎಂದರೆ ಎಂಥ ನಕಲುಗಾರನೂ ಒಪ್ಪುತ್ತಾನೆ.

ಇನ್ನು ಬೆಂಕಿ ಉಂಡೆ ಎಸೆಯುವುದು, ಗುರಾಣಿ ಹಿಡಿಯುವುದು, ನೆಗೆದು ಒದೆಯುವುದು ಯಾರಪ್ಪನ ಸೊತ್ತೂ ಅಲ್ಲ. ಅನುಮಾನ ಬಂದರೆ ಹೀಗೆ ಮಾಡಿ: ಪಟ್ಟಿನ ಹೆಸರನ್ನು ಕೈಯಿಂದ ಮುಚ್ಚಿ ವಿವರಣೆ ಮಾತ್ರ ಓದಿ. ಸರ್ವರಿನಲ್ಲಿ ಇನ್ನೂ ಮೂವರ ಶೀಟ್‌ನಲ್ಲಿ ಅದೇ ಇದ್ದರೆ ಅದು ಊರ ಬಾವಿ. ಸಂಸ್ಕೃತದಲ್ಲಿ ಮಾರುದ್ದ ಹೆಸರಿಟ್ಟ ಕೂಡಲೇ ಮಾಮೂಲಿ ಬೆಂಕಿ ಉಂಡೆ ಯಾರ ಸ್ವಂತದ್ದೂ ಆಗುವುದಿಲ್ಲ. ಅನಿಮೆಯಿಂದ ಎತ್ತಿ ತಂದ ಪಟ್ಟಿಗೂ ಇದೇ ಮಾತು. ಮೊದಲು ತಂದವರು ನೀವಾದರೂ ಕಟ್ಟಿದವರು ನೀವಲ್ಲ.

ಎರಡನೇ ಹೆಜ್ಜೆ: ಕೇಳುವುದು

ಕಾಳಗಕ್ಕೆ ಮುಂಚೆ ಕೇಳಿ. ನಡುವೆ ಕೇಳಿದರೆ ಎದುರಿನವರು ಇಕ್ಕಟ್ಟಿಗೆ ಸಿಕ್ಕುತ್ತಾರೆ. ಇಲ್ಲ ಎಂದರೆ ಸೋಲಿಗೆ ಹೆದರಿದರು ಎನಿಸುತ್ತದೆ, ಹೂಂ ಎಂದರೆ ಮನಸ್ಸು ಒಪ್ಪದು. ಪಾತ್ರದ ಮಾತನ್ನು ಬಿಟ್ಟು, ಓಓಸಿ ಚಾನೆಲ್ಲಿನಲ್ಲಿ (ಕತೆಯ ಹೊರಗಿನ ಮಾತಿಗೆ ಇಟ್ಟ ಜಾಗದಲ್ಲಿ), ನಾಲ್ಕು ಜನ ನೋಡುವಂತೆ ಕೇಳಿ. ಡಿಎಂನಲ್ಲಿ (ಖಾಸಗಿ ಸಂದೇಶದಲ್ಲಿ) ಕೇಳಿದ್ದು ಆಮೇಲೆ "ನಾನು ಹಾಗೆ ಹೇಳಿರಲಿಲ್ಲ" ಆಗುತ್ತದೆ.

ಎಲ್ಲರಿಗೂ ಕಾಣುವಂತೆ ನಾವು ಪಿನ್ ಮಾಡಿಟ್ಟ ನಮೂನೆ ಇದು (ಕೆಂಚಿ, ಬೊಮ್ಮ ಎರಡು ಪಾತ್ರಗಳು, ಕೆಂಡಮಳೆ ಬೊಮ್ಮನ ಪಟ್ಟು):

"ನಮಸ್ಕಾರ. ಶನಿವಾರದ ಕಾಳಗದಲ್ಲಿ ನನ್ನ ಕೆಂಚಿ ನಿಮ್ಮ ಬೊಮ್ಮನ ಕೆಂಡಮಳೆಯನ್ನು ಎರವಲು ತಗೊಳ್ಳಬಹುದಾ? ಒಂದೇ ಸಲ ಬಳಸುತ್ತಾಳೆ, ಆ ಕಾಳಗಕ್ಕೆ ಮಾತ್ರ. ಮೊದಲು ನೀವು ಬಳಸಿದ ಮೇಲೆಯೇ. ಬೇಡ ಅಂದರೆ ಬೇಸರ ಇಲ್ಲ, ಬೇರೆ ದಾರಿ ನೋಡ್ತೇನೆ."

ಯಾವ ಪಟ್ಟು, ಎಷ್ಟು ಸಲ, ಎಲ್ಲಿಯವರೆಗೆ ಎಂಬ ಮೂರೂ ಅದರಲ್ಲಿರಬೇಕು. ಕೊನೆಯ ಸಾಲು ಶಿಷ್ಟಾಚಾರಕ್ಕೆ ಹಾಕಿದ್ದಲ್ಲ. ಇಲ್ಲ ಎನ್ನಲು ಸಂಕೋಚ ಪಡುವವರೇ ನಮ್ಮಲ್ಲಿ ಹೆಚ್ಚು, ಅವರಿಗೆ ಬಾಗಿಲು ತೆರೆದಿಡಬೇಕು.

ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ. 24 ಗಂಟೆ ಕಾಯಿರಿ. ನ್ಯೂಜೆರ್ಸಿಯಲ್ಲಿರುವ ಕನ್ನಡದ ಹುಡುಗಿಯೊಬ್ಬಳು ನಮ್ಮ ಜೊತೆ ಆಡುತ್ತಿದ್ದಳು. ಅವಳ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ನಾವು ರಾತ್ರಿ ಊಟ ಮುಗಿಸಿ ಕೇಳಿದ ಪ್ರಶ್ನೆ ಅವಳಿಗೆ ಕ್ಲಾಸಿನ ಹೊತ್ತಿಗೆ ಮುಟ್ಟುತ್ತಿತ್ತು. "ಎರಡು ಗಂಟೆಯೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ" ಎಂಬ ನಮ್ಮ ಹಳೆಯ ನಿಯಮದಿಂದ ಅವಳ ಎರಡು ಪಟ್ಟುಗಳು ಅವಳು ಪಾಠ ಕೇಳುತ್ತಿದ್ದಾಗಲೇ ಪರರ ಪಾಲಾಗಿದ್ದವು.

ಮೂರನೇ ಹೆಜ್ಜೆ: ನಕಲು ಮಾಡುವ ಪಾತ್ರದ ಶೀಟ್

"ಕಂಡ ವಿದ್ಯೆಯನ್ನು ನಕಲು ಮಾಡಬಲ್ಲಳು" ಎಂಬಂಥ ಸಾಲಿಗೆ ಇನ್ನು ಮುಂದೆ ಒಪ್ಪಿಗೆ ಕೊಡಬೇಡಿ. ಹೇಗೆ ಕಲಿಯುತ್ತಾಳೆ, ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತಾಳೆ, ಯಾವುದರಿಂದ ಕೆಡುತ್ತದೆ ಎಂದು ಬರೆಸಿ. ಉದಾಹರಣೆಗೆ:

"ಕನ್ನಡಿ ಕೆಂಚಿ. ಕೈಯಲ್ಲಿ ಒಂದು ಹಿತ್ತಾಳೆ ಕನ್ನಡಿ. ಎದುರಾಳಿಯ ಪಟ್ಟು ಶುರುವಾಗಿ ಮುಗಿಯುವ ತನಕ ಕನ್ನಡಿಯಲ್ಲಿ ಕಂಡರೆ ಮಾತ್ರ ಕಲಿಯುತ್ತಾಳೆ. ಆ ಟರ್ನ್‌ನಲ್ಲಿ (ಸರದಿಯಲ್ಲಿ) ಬೇರೇನೂ ಮಾಡಳು. ಒಮ್ಮೆಗೆ ಒಂದೇ ಪಟ್ಟು. ಹೊಸದು ಬಂದರೆ ಹಳೆಯದು ಹೋಗುತ್ತದೆ. ಮೂರು ಟರ್ನ್ ಮಾತ್ರ ನೆನಪಿರುತ್ತದೆ. ಕನ್ನಡಿಗೆ ಮಸಿ, ನೀರು, ಹೊಗೆ ತಾಗಿದರೆ ಕಲಿಯಲಾಗದು."

ಕೊನೆಯ ವಾಕ್ಯ ಎದುರಾಳಿಗೆ ಕೊಟ್ಟ ಹಿಡಿ. ಬೂದಿ ಎರಚಬಹುದು, ಬೆನ್ನು ತಿರುಗಿಸಿ ಪಟ್ಟು ಹಾಕಬಹುದು, ಅರ್ಧಕ್ಕೇ ನಿಲ್ಲಿಸಿ ಮೋಸ ಮಾಡಬಹುದು. ಹಿಡಿ ಇಲ್ಲದ ಪಾತ್ರದ ಜೊತೆ ಕಾಳಗ ಬರೆಯುವುದು ಗೋಡೆಗೆ ಚೆಂಡು ಹೊಡೆದ ಹಾಗೆ.

ನಾಲ್ಕನೇ ಹೆಜ್ಜೆ: ಕಂಡದ್ದಷ್ಟೇ ನಿಮ್ಮದು

ಎರವಲು ಸಿಗುವುದು ಎದುರಾಳಿ ಥ್ರೆಡ್ಡಿನಲ್ಲಿ ಬರೆದು ತೋರಿಸಿದ್ದು ಮಾತ್ರ. ಅವರ ಶೀಟ್‌ನಲ್ಲಿ ಇರುವುದು ನಿಮ್ಮ ಪಾತ್ರಕ್ಕೆ ಗೊತ್ತಿಲ್ಲ. ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ.

ದೀವಟಿಗೆ ಬೊಮ್ಮನ ಶೀಟ್‌ನಲ್ಲಿ ಕೆಂಡಮಳೆಯ ವಿವರ ಹೀಗಿದೆ ಎಂದಿಟ್ಟುಕೊಳ್ಳಿ: ಹತ್ತು ಅಡಿ ಸುತ್ತಳತೆಯಲ್ಲಿ ಕೆಂಡ ಸುರಿಯುತ್ತದೆ, ಪಟ್ಟು ಹಾಕಿದವನಿಗೆ ಆ ಬೆಳಕಿಗೆ ಒಂದು ಟರ್ನ್ ಕಣ್ಣು ಕಾಣುವುದಿಲ್ಲ, ಅದನ್ನು ಮರೆಮಾಚಲು ಅವನು ಕದಲದೆ ನಿಲ್ಲುತ್ತಾನೆ. ಕಾಳಗದಲ್ಲಿ ಅವನ ಆಟಗಾರ ಬರೆದದ್ದು ಇಷ್ಟು:

"ಬೊಮ್ಮ ಎಡಗಾಲು ಹಿಂದಿಟ್ಟ. ದೀವಟಿಗೆಯನ್ನು ತಲೆಯ ಮೇಲೆ ಮೂರು ಸುತ್ತು ಬೀಸಿ ನೆಲಕ್ಕೆ ಬಡಿದ. ಕೆಂಡಗಳು ಮೇಲಕ್ಕೆ ಚಿಮ್ಮಿ, ಒಂದು ಗಳಿಗೆ ಗಾಳಿಯಲ್ಲೇ ನಿಂತು, ಕೆಂಚಿಯ ಸುತ್ತ ಸುರಿಯತೊಡಗಿದವು."

ಇದಕ್ಕೆ ಕೆಟ್ಟ ಉತ್ತರ:

"ಕೆಂಚಿ ನೋಡಿದಳು, ಕಲಿತಳು, ಅದೇ ಕೆಂಡಮಳೆಯನ್ನು ಇಮ್ಮಡಿ ಬಲದಲ್ಲಿ ತಿರುಗಿ ಸುರಿಸಿದಳು. ಬೊಮ್ಮನಿಗೆ ಕಣ್ಣು ಕಾಣದ ಹೊತ್ತು ಅದು. ಅವನ ಬೆನ್ನು ಸುಟ್ಟು ಹೋಯಿತು."

ನಾಲ್ಕೇ ನಾಲ್ಕು ಮಾತಿನಲ್ಲಿ ಇಡೀ ಆಟ ಕೆಟ್ಟಿತು. ಸುರಿಯುತ್ತಿದ್ದ ಕೆಂಡ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೆಂಚಿಗೆ ಒಂದೂ ತಾಗಲಿಲ್ಲ. ಕಲಿಯಲು ಟರ್ನ್ ಖರ್ಚಾಗಲಿಲ್ಲ. ಕಣ್ಣು ಕಾಣದ ಸಂಗತಿಯನ್ನು ಆಟಗಾರ್ತಿ ಓದಿದ್ದು ಶೀಟ್‌ನಲ್ಲಿ. ಬೆನ್ನು ಸುಟ್ಟಿತೋ ಇಲ್ಲವೋ ಹೇಳಬೇಕಾದವನು ಬೊಮ್ಮನ ಆಟಗಾರ.

ಸರಿಯಾದ ಉತ್ತರ ಒಂದು ಟರ್ನ್ ನಿಧಾನಿಸುತ್ತದೆ:

"ಕೆಂಚಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕನ್ನಡಿಯನ್ನು ಎತ್ತಿ ಹಿಡಿದಳು. ಎರಡು ಕೆಂಡ ಮುಂಗೈ ಮೇಲೆ ಬಿದ್ದು ಚುರ್ ಎಂದವು. ಕೈ ಅಲುಗಿದರೆ ಬಿಂಬ ಒಡೆಯುತ್ತದೆ, ಅಲುಗಿಸಲಿಲ್ಲ. ಎಡಗಾಲು ಹಿಂದೆ. ಮೂರು ಸುತ್ತು. ಆಮೇಲೆ ನೆಲಕ್ಕೆ. ತುಟಿಯಲ್ಲೇ ಎಣಿಸಿಕೊಂಡಳು."

ಮುಂದಿನ ಟರ್ನ್‌ನಲ್ಲಿ ಅವಳು ಕನ್ನಡಿಯ ಹಿಡಿಯನ್ನೇ ಮೂರು ಸುತ್ತು ಬೀಸಿ ನೆಲಕ್ಕೆ ಬಡಿಯುತ್ತಾಳೆ, "ಕೆಂಡಗಳು ಬೊಮ್ಮನತ್ತ ಹೊರಟವು" ಎಂಬಲ್ಲಿಗೆ ಪೋಸ್ಟ್ ನಿಲ್ಲುತ್ತದೆ. ಆಮೇಲಿನದು ಬೊಮ್ಮನವರ ಪಾಲು.

ಇಲ್ಲೇ ನಮ್ಮ ಸರ್ವರ್‌ನ ಎಲ್ಲರೂ ಮೆಚ್ಚಿಕೊಂಡ ನಿಯಮ ಇರುವುದು. ಕೆಂಚಿಗೆ ಕಣ್ಣು ಕತ್ತಲಾಗುವ ವಿಷಯ ಗೊತ್ತಿಲ್ಲ, ಹಾಗಾಗಿ ತಡೆಯಲೂ ತಿಳಿಯದು. ಪಟ್ಟಿನ ಬಚ್ಚಿಟ್ಟ ಬೆಲೆಯನ್ನು ಅವಳ ಮೇಲೆ ಹೇರುವ ಹಕ್ಕು ಒಡೆಯನಿಗೆ. ಬೊಮ್ಮನ ಆಟಗಾರ ತನ್ನ ಪೋಸ್ಟಿನಲ್ಲಿ "ಕೆಂಚಿಯ ಕಣ್ಣ ಮುಂದೆ ಬರಿಯ ಬಿಳುಪು" ಎಂದು ಬರೆಯಬಹುದು. ಅದನ್ನು ಆಟೋಹಿಟ್ ಎನ್ನುವಂತಿಲ್ಲ. ಆದರೆ ಆ ಬೆಲೆ ಶೀಟ್‌ನಲ್ಲಿ ಕಾಳಗಕ್ಕೆ ಮುಂಚೆಯೇ ಬರೆದಿರಬೇಕು, ಆ ಕ್ಷಣಕ್ಕೆ ಹುಟ್ಟಿಸಿದ್ದಾಗಿರಬಾರದು. ಚಕ್ರವ್ಯೂಹ ಹೊಗಲು ಕಲಿತು ಹೊರಬರಲು ಕಲಿಯದ ಅಭಿಮನ್ಯುವಿನ ಪಾಡು ಇದು. ಅರ್ಧ ಕಲಿತ ವಿದ್ಯೆಯ ಈ ಗಂಡಾಂತರದಿಂದಲೇ ನಕಲು ಮಾಡುವ ಪಾತ್ರ ಓದಲು ಚಂದವಾಗುವುದು; ಗಂಡಾಂತರ ತೆಗೆದರೆ ಉಳಿಯುವುದು ಬರೀ ಜೆರಾಕ್ಸ್ ಮಷೀನು.

ಐದನೇ ಹೆಜ್ಜೆ: ಬಲ ಕಡಿಮೆ ಮಾಡುವುದು, ಶೇಕಡಾ ಲೆಕ್ಕವಿಲ್ಲದೆ

"ಎರವಲು ಪಟ್ಟಿಗೆ ಶೇ 70ರಷ್ಟು ಬಲ" ಎಂದು ಹಲವು ಕಡೆ ಬರೆಯುತ್ತಾರೆ. ನಾವೂ ಬರೆದಿದ್ದೆವು. ಆದರೆ ಒಂದು ಕೆಂಡದ ಶೇ 70 ಎಂದರೆ ಏನು? ಅಂಕಿ ಇಲ್ಲದ ಆಟದಲ್ಲಿ ಶೇಕಡಾ ಹಾಕಿದರೆ ಪ್ರತಿ ಕಾಳಗವೂ ಗಣಿತದ ಜಗಳವಾಗುತ್ತದೆ.

ಕಣ್ಣಿಗೆ ಕಾಣುವುದನ್ನು ಕತ್ತರಿಸಿ. ಹತ್ತು ಅಡಿ ಇದ್ದದ್ದು ಆರು ಅಡಿಯಾಗಲಿ. ಮೂವರಿಗೆ ತಾಗುವುದು ಒಬ್ಬರಿಗೆ ತಾಗಲಿ. ಮೂರು ಟರ್ನ್ ಇರುವ ಶಾಪ ಒಂದು ಟರ್ನ್‌ಗೆ ಇಳಿಯಲಿ. ಒಂದು ಪಟ್ಟಿನಿಂದ ಒಂದನ್ನು ಕತ್ತರಿಸಿದರೆ ಸಾಕು, ಯಾವುದನ್ನು ಎಂದು ಎರವಲು ತಗೊಳ್ಳುವವರೇ ಮೊದಲೇ ಹೇಳಲಿ. ಒಡೆಯನ ಪಟ್ಟಿಗಿಂತ ದೊಡ್ಡದಾಗಿ ಎರವಲು ಪಟ್ಟನ್ನು ಬಳಸುವುದು ಯಾವ ಕಾರಣಕ್ಕೂ ಬೇಡ. ಇಮ್ಮಡಿ ಎಂಬ ಪದವನ್ನು ನಾನಂತೂ ಥ್ರೆಡ್ಡಿನಲ್ಲಿ ಕಂಡಲ್ಲಿ ಹೊಡೆದು ಹಾಕುತ್ತೇನೆ.

ಆರನೇ ಹೆಜ್ಜೆ: ಒಡೆಯನ ಉತ್ತರ

ತನ್ನ ಪಟ್ಟು ತನ್ನ ಮೇಲೆಯೇ ಬಂದಾಗ ಒಡೆಯನಿಗೆ ಅದರ ಮದ್ದು ಗೊತ್ತಿರುತ್ತದೆ. ಹಾಗಾಗಿ ಮೊದಲ ಸಲ ಅದನ್ನು ತಪ್ಪಿಸಿಕೊಳ್ಳಲು ಅವನಿಗೆ ಅವಕಾಶ ಕೊಡಿ. ಅವನು ಹೇಗೆ ತಪ್ಪಿಸಿಕೊಂಡ ಎಂದು ಬರೆಯಲೇಬೇಕು. "ನನ್ನ ಪಟ್ಟು ನನಗೆ ನಾಟುವುದಿಲ್ಲ" ಎಂದು ಕೈ ತೊಳೆದುಕೊಂಡರೆ ಅದೂ ಗಾಡ್‌ಮಾಡಿಂಗ್.

ಇದರಲ್ಲಿ ನಾನೇ ಒಮ್ಮೆ ಎಡವಿದ್ದೆ. ಕದ್ದವರ ಮೇಲಿನ ಸಿಟ್ಟಿನಲ್ಲಿ, ಒಡೆಯ ಏನು ಬರೆದರೂ ಸರಿ ಎಂದು ತೀರ್ಪು ಕೊಟ್ಟೆ. ಒಂದು ತಿಂಗಳಲ್ಲಿ ನಕಲು ಮಾಡುವ ಪಾತ್ರ ಆಡುವವರೇ ಇಲ್ಲದಾದರು. ಅವರ ಪಟ್ಟು ಒಮ್ಮೆಯೂ ತಾಗದಿದ್ದರೆ ಅವರಿಗಾದರೂ ಯಾಕೆ ಬೇಕು ಈ ಆಟ? ಈಗಿನ ನಿಯಮ: ಮೊದಲ ಸಲ ಒಡೆಯ ಪೂರ್ತಿ ತಪ್ಪಿಸಿಕೊಳ್ಳಬಹುದು, ಎರಡನೇ ಸಲಕ್ಕೆ ಒಪ್ಪಿಗೆ ಇದ್ದರೆ, ಆಗ ಏನಾದರೂ ಒಂದು ಗಾಯ, ಗೀರು, ಹರಿದ ಬಟ್ಟೆಯನ್ನಾದರೂ ಒಪ್ಪಿಕೊಳ್ಳಬೇಕು.

ಏಳನೇ ಹೆಜ್ಜೆ: ಪಟ್ಟು ತಗೊಳ್ಳಿ, ವಾಕ್ಯ ಬೇಡ

ಚಿಕ್ಕ ವಿಷಯ, ಆದರೆ ಯಾರೂ ಹೇಳುವುದಿಲ್ಲ. ಬೊಮ್ಮನ ಆಟಗಾರ ಬರೆದ "ಒಂದು ಗಳಿಗೆ ಗಾಳಿಯಲ್ಲೇ ನಿಂತು" ಎಂಬ ಸಾಲನ್ನು ಕಾಪಿ ಪೇಸ್ಟ್ ಮಾಡಿ ಕೆಂಚಿಯ ಪೋಸ್ಟಿಗೆ ಹಾಕಬೇಡಿ. ಒಪ್ಪಿಗೆ ಸಿಕ್ಕಿದ್ದು ಪಟ್ಟಿಗೆ. ಆ ಸಾಲಿಗಾಗಿ ಅವನು ಅರ್ಧ ಗಂಟೆ ಕೂತಿದ್ದಿರಬಹುದು. ಕೆಂಚಿಯ ಕೈಯಲ್ಲಿ ಕೆಂಡ ಬೇರೆ ಥರ ಬೀಳಲಿ: ಹಿತ್ತಾಳೆಗೆ ಬಡಿದು ಟಣಟಣ ಸದ್ದು ಮಾಡಲಿ, ಹಸಿರು ಕಿಡಿ ಹಾರಲಿ.

ಎಂಟನೇ ಹೆಜ್ಜೆ: ಹಿಂದಿರುಗಿಸುವುದು

ಕಾಳಗ ಮುಗಿದರೆ ಎರವಲೂ ಮುಗಿಯಿತು. ಮುಂದಿನ ಕಾಳಗಕ್ಕೆ ಹೊಸದಾಗಿ ಕೇಳಿ. ಎರವಲು ತಂದದ್ದನ್ನು ಮತ್ತೊಬ್ಬರಿಗೆ ಎರವಲು ಕೊಡುವಂತಿಲ್ಲ, ನಿಮ್ಮಿಂದ ಮೂರನೆಯವರು ನಕಲು ಮಾಡುವಂತೆಯೂ ಇಲ್ಲ. ಅವರು ಬೊಮ್ಮನ ಮನೆ ಬಾಗಿಲಿಗೇ ಹೋಗಬೇಕು. ಗುಂಪು ಕಾಳಗದಲ್ಲಿ ಈ ಸಾಲು ಇಲ್ಲದಿದ್ದರೆ ಎರಡು ಸುತ್ತಿನಲ್ಲಿ ಎಲ್ಲರ ಕೈಯಲ್ಲೂ ಕೆಂಡಮಳೆ.

ಕಾಯಂ ಆಗಿ ಬೇಕೆಂದರೆ ಬೇರೆ ದಾರಿ ಇದೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಮಾಂತ್ರಿಕನೊಬ್ಬ ತನಗೆ ಸಿಕ್ಕಿದ ಮಂತ್ರವನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳಲು ಮಂತ್ರದ ಪ್ರತಿ ಹಂತಕ್ಕೆ 2 ಗಂಟೆ ಮತ್ತು 50 ಚಿನ್ನದ ನಾಣ್ಯ ಖರ್ಚು ಮಾಡಬೇಕು. ಮೂರನೇ ಹಂತದ ಮಂತ್ರವಾದರೆ 6 ಗಂಟೆ, 150 ನಾಣ್ಯ. ನಮ್ಮಲ್ಲಿ ನಾಣ್ಯದ ಬದಲು ಪೋಸ್ಟ್ ಲೆಕ್ಕ: ಒಡೆಯನ ಜೊತೆ ಬೇರೆಯೇ ಥ್ರೆಡ್ ತೆರೆದು, ಕಲಿಯುವ ದೃಶ್ಯವನ್ನು ಇಬ್ಬರೂ ಸೇರಿ ಕನಿಷ್ಠ ಹತ್ತು ಪೋಸ್ಟ್ ಬರೆಯಬೇಕು. ಕಲಿತ ಮೇಲೆ ನಿಮ್ಮ ಶೀಟ್‌ನ ಬೇರೊಂದು ಪಟ್ಟನ್ನು ಬಿಟ್ಟುಕೊಡಬೇಕು. ಸ್ಮೀಯರ್ಗಲ್‌ನಿಂದ ಕಲಿತ ಪಾಠ ಇದು. ಗುರುದಕ್ಷಿಣೆ ಏನೆಂದು ಒಡೆಯನೇ ನಿರ್ಧರಿಸಲಿ. ಹೆಬ್ಬೆರಳು ಕೇಳುವವರಿದ್ದರೆ ಮಾತ್ರ ಮಾಡ್‌ಗಳಿಗೆ ತಿಳಿಸಿ.

ಈ ಕಲಿಕೆಯ ಥ್ರೆಡ್‌ಗಳು ಬಹಳ ಸಲ ಕಾಳಗಕ್ಕಿಂತ ಚೆನ್ನಾಗಿರುತ್ತವೆ. ಬದ್ಧವೈರಿಗಳಾಗಿದ್ದ ಎರಡು ಪಾತ್ರಗಳು ಒಂದು ಗುಡಾರದಲ್ಲಿ ಕೂತು ದೀವಟಿಗೆ ಬೀಸುವುದನ್ನು ಹೇಳಿಕೊಟ್ಟ ಒಂದು ಥ್ರೆಡ್ಡನ್ನು ನಾನು ಈಗಲೂ ಆಗಾಗ ತೆರೆದು ಓದುತ್ತೇನೆ.

ತಕರಾರು ಬಂದಾಗ

ಬಂದೇ ಬರುತ್ತದೆ. ಕಾಳಗದ ಥ್ರೆಡ್ಡಿನಲ್ಲಿ ವಾದ ಮಾಡಬೇಡಿ. "ತಡೆ" ಎಂದು ಒಂದು ಪದ ಹಾಕಿ ಓಓಸಿಗೆ ಬನ್ನಿ. ಇಬ್ಬರೂ ತಮ್ಮ ಪರವಾಗಿ ಥ್ರೆಡ್ಡಿನ ಸಾಲುಗಳನ್ನು ಮಾತ್ರ ತೋರಿಸಬೇಕು. "ನಾನು ಅಂದುಕೊಂಡಿದ್ದು ಹೀಗೆ" ಎಂಬುದಕ್ಕೆ ಬೆಲೆ ಇಲ್ಲ, ಬರೆದದ್ದಕ್ಕೆ ಮಾತ್ರ. ತೀರ್ಪು ಕೊಡುವ ಮಾಡ್ ಆ ಕಾಳಗದಲ್ಲಿ ಇರಬಾರದು, ಇಬ್ಬರಲ್ಲಿ ಒಬ್ಬರ ಜೊತೆ ಕಾಯಂ ಜೋಡಿ ಬರೆಯುವವರೂ ಆಗಬಾರದು. ಅಂಥವರು ಸಿಗದಿದ್ದರೆ ಈ ಕಾಳಗ ಓದದೇ ಇದ್ದ ಯಾರನ್ನಾದರೂ ಕರೆಯಿರಿ. ಅವರಿಗೆ ಓದಿದಾಗ ಏನು ಅರ್ಥವಾಯಿತೋ ಅದೇ ಸರಿ.

ತಿದ್ದುವುದಾದರೆ ಕೊನೆಯ ಪೋಸ್ಟ್ ಒಂದನ್ನೇ ತಿದ್ದಿ. ಐದು ಪೋಸ್ಟ್ ಹಿಂದಕ್ಕೆ ಹೋಗಿ ಅಳಿಸುತ್ತ ಬಂದರೆ ಇಬ್ಬರಿಗೂ ಮುಂದೆ ಬರೆಯುವ ಮನಸ್ಸಿರುವುದಿಲ್ಲ. ಎರಡೂ ಕಡೆ ಸಮ ತೂಗಿದರೆ ಪಟ್ಟು ಕಟ್ಟಿದವರ ಪರ ಹೋಗಿ. ಸೋತವರು ಇನ್ನೊಂದು ಕಾಳಗ ಆಡಬಹುದು. ಕಟ್ಟಿದ್ದನ್ನು ಕಳೆದುಕೊಂಡೆ ಎನಿಸಿದವರು ಹೊಸದು ಕಟ್ಟುವುದಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೀರ್ಪನ್ನು ಎರಡು ಸಾಲಿನಲ್ಲಿ ಪಿನ್ ಮಾಡಿಡಿ, ಮುಂದಿನ ತಿಂಗಳು ಇದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಬರುತ್ತದೆ.

ನಿಯಮ ಹಾಕುವ ಮುನ್ನ

ಎಲ್ಲವನ್ನೂ ಒಂದೇ ರಾತ್ರಿ ಹೇರಬೇಡಿ. ಮೊದಲು ಇಬ್ಬರು ಮಾಡ್‌ಗಳು ಕೂತು ಆರು ಟರ್ನ್‌ನ ಒಂದು ಸುಳ್ಳು ಕಾಳಗ ಆಡಿ. ಒಬ್ಬರು ಬೇಕೆಂದೇ ತುಂಟ ಆಟಗಾರರಾಗಲಿ: ಶೀಟ್ ಓದಿ ಬರೆಯಲಿ, ಇಮ್ಮಡಿ ಮಾಡಲಿ, ಒಪ್ಪಿಗೆ ಕೇಳದೆ ಕದಿಯಲಿ, ಕದ್ದದ್ದನ್ನು ಮೂರನೆಯವರಿಗೆ ದಾಟಿಸಲಿ. ಪ್ರತಿ ಸಲ ನಿಮ್ಮ ನಿಯಮದ ಯಾವ ಸಾಲನ್ನು ತೋರಿಸಿ ತಡೆದಿರಿ ಎಂದು ಗುರುತು ಹಾಕಿಕೊಳ್ಳಿ. ತೋರಿಸಲು ಸಾಲೇ ಸಿಗದ ಕಡೆ ಒಂದು ಸಾಲು ಸೇರಿಸಿ. ಒಮ್ಮೆಯೂ ಬಳಕೆಗೆ ಬಾರದ ಸಾಲನ್ನು ಕಿತ್ತು ಹಾಕಿ.

ನಮ್ಮದು ಶುರುವಿನಲ್ಲಿ ನಾಲ್ಕು ಪುಟವಿತ್ತು. ಯಾರೂ ಓದಿರಲಿಲ್ಲ. ಈಗ ಫೋನಿನ ಒಂದೇ ಸ್ಕ್ರೀನಿನಲ್ಲಿ ಹಿಡಿಯುತ್ತದೆ.